ರಂಡಿ ಎಂದರೆ ಬನ್ನಿ

ಆದೋನಿಗೆ ಬಂದಿಳಿದ ದಿನವೇ ಪಕ್ಕದ ಮನೆಯ ನಾಗಮ್ಮ ನನ್ನನ್ನು ನೋಡಿ ನಗುತ್ತಾ, "ರಂಡಮ್ಮಾ, ರಂಡಿ" ಎಂದರು. ಗಂಡ ಪಕ್ಕದಲ್ಲೇ ಟ್ರಂಕು ಹಿಡಿದು ನಿಂತಿದ್ದಾರೆ. ಅಣ್ಣಾ, ನಮ್ಮ ತುಮಕೂರಿನಲ್ಲಿ ಮುತ್ತೈದೆಗೆ ಯಾರಾದರೂ ಹಾಗೆಂದಿದ್ದರೆ ಬೀದಿರಂಪವಾಗುತ್ತಿತ್ತು. ಒಳಗೆ ಹೋಗಿ ಅತ್ತುಬಿಟ್ಟೆ. ಎರಡು ತಿಂಗಳು ಆ ಕಡೆ ತಲೆ ಹಾಕಲಿಲ್ಲ. ಕೊನೆಗೆ ಓಣಿಯಲ್ಲಿ ಆಡಿ ಬಂದ ಐದು ವರ್ಷದ ಮಗ ಸೀನು ಹೊಟ್ಟೆ ಹಿಡಿದುಕೊಂಡು ನಕ್ಕ. "ಅಮ್ಮಾ, ಆಕಿ ಬೈಯಂಗಿಲ್ಲ. ಬರ್ರಿ ಅಂತ ಕರಿತಾಳ."

ಅವನೇ ಕೈಹಿಡಿದು ಕರೆದೊಯ್ದ ಮೇಲೆ ನಾಗಮ್ಮನ ಮನೆ ನನಗೆ ತವರಾಯಿತು. ತುಮಕೂರಿನಲ್ಲಿ ನಮಗೆ ರಾಗಿಮುದ್ದೆ, ಇಲ್ಲಿ ಜೋಳದ ರೊಟ್ಟಿ. ಬೆಳಗಾದರೆ ಮಂಡಕ್ಕಿ ನೆನೆಸಿ ಒಗ್ಗರಣೆ ಕೊಟ್ಟ ಉಗ್ಗಾಣಿ. ನನ್ನ ರೊಟ್ಟಿ ಹರಿಯದೆ ಹೆಂಚಿಗೆ ಬಿದ್ದ ದಿನ ಹಬ್ಬ ಮಾಡಿದಷ್ಟು ಖುಷಿ. ಗಂಡ ಹತ್ತಿ ಪ್ರೆಸ್ಸಿಗೆ ಹೋದರೆ ಸಂಜೆಯವರೆಗೆ ಮಾತಿಗೆ ನಾಗಮ್ಮನೇ. ಅವರಿಂದ ಕಲಿತ ತೆಲುಗು ನನ್ನ ಒಂಟಿತನ ಕಳೆಯಿತು, ಅದನ್ನು ಹೇಳಲು ನನಗೆ ನಾಚಿಕೆಯಿಲ್ಲ.

ರಾಜ್ಯ ಭಾಗವಾಗಿ ಆದೋನಿ ತಾಲೂಕು ಆಂಧ್ರಕ್ಕೆ ಸೇರಿದ ಮೇಲೆ ಸೀನುವಿನ ಶಾಲೆಯ ಕನ್ನಡ ಮೇಷ್ಟ್ರು ವರ್ಗವಾಗಿ ಹೋದರು, ಬದಲಿಗೆ ಯಾರೂ ಬರಲಿಲ್ಲ. ಮಕ್ಕಳನ್ನು ತೆಲುಗು ತರಗತಿಯಲ್ಲಿ ಕೂರಿಸಿದರು. ಎರಡು ಭಾಷೆಯ ಅಕ್ಷರಗಳೂ ಹೆಚ್ಚುಕಡಿಮೆ ಒಂದೇ, ತಲೆಕಟ್ಟು ಮಾತ್ರ ಬೇರೆ. ನಾವು ಅಕ್ಷರದ ತಲೆಗೆ ಅಡ್ಡಗೆರೆ ಎಳೆದರೆ, ಅವರದು ಮೇಷ್ಟ್ರು ಸರಿ ಎಂದು ಹಾಕುವ ಗುರುತಿನಂಥ ಕೊಕ್ಕೆ. ಸೀನುವಿನ ಕೈ ಅಡ್ಡಗೆರೆಯನ್ನು ಬಿಡಲಿಲ್ಲ. ತಪ್ಪಿದಾಗಲೆಲ್ಲ ಹೊಸ ಮೇಷ್ಟ್ರು ಗೋಡಕುರ್ಚಿ ಹಾಕಿಸುತ್ತಿದ್ದರು. ಎಂದರೆ, ಗೋಡೆಗೆ ಬೆನ್ನು ಕೊಟ್ಟು, ಇಲ್ಲದ ಕುರ್ಚಿಯ ಮೇಲೆ ಕೂತ ಹಾಗೆ ಮಂಡಿ ಬಗ್ಗಿಸಿ ನಿಲ್ಲಬೇಕು. ಹುಡುಗರೆಲ್ಲ ನಗುತ್ತಿದ್ದರಂತೆ. ರಜೆಗೆ ಊರಿಗೆ ಕರೆತಂದಾಗ ಇವನ ಕನ್ನಡ ಕೇಳಿ ನೀವೂ ನಕ್ಕಿರಿ, ಇದ್ಯಾವ ತೆಲುಗರ ಹುಡುಗ ಎಂದಿರಿ. ಆಮೇಲೆ ಅವನು ಮನೆಯಲ್ಲೂ ಮಾತು ಕಡಿಮೆ ಮಾಡಿದ.

ಹದಿನಾಲ್ಕಾಗುವಾಗ ಅವನಿಗೆ ನಿಜವಾದ ಕುರ್ಚಿ ಸಿಕ್ಕಿತು. ಬಜಾರಿನ ಮಹಡಿಯ ಕೋಣೆಯೊಂದರಲ್ಲಿ ಸೇರುತ್ತಿದ್ದ ಕನ್ನಡದ ದೊಡ್ಡ ಹುಡುಗರು "ಬಾ ತಮ್ಮಾ, ಕೂಡು" ಎಂದರಂತೆ. ಯಾರು ನಮ್ಮವರು, ಯಾರು ವೈರಿಗಳು ಎಂದು ಕಲಿಸಿದರು. ಬೆರಳಿಗೆ ಡಾಂಬರು ಮೆತ್ತಿಕೊಂಡು ಬರತೊಡಗಿದ. ಊರಿನ ತೆಲುಗು ಬೋರ್ಡುಗಳು ಒಂದೊಂದಾಗಿ ಕಪ್ಪಾದವು. ಬೇಡ ಕಣೋ ಎಂದು ಅಂಗಲಾಚಿದೆ. "ನೀ ಸುಮ್ನಿರಮ್ಮ. ನಿನಗ ಅವರ ಗಾಳಿ ಹಿಡದೈತಿ" ಎಂದ.

ಕಳೆದ ತಿಂಗಳು ನಾಗಮ್ಮ ಎಂದಿನಂತೆ ತಮ್ಮ ಕಟ್ಟೆಯಿಂದ "ರಂಡಮ್ಮಾ, ರಂಡಿ" ಎಂದು ಕೂಗಿದರು. ಗೆಳೆಯರೊಂದಿಗೆ ಬೀದಿಯಲ್ಲಿ ನಿಂತಿದ್ದ ಸೀನು ಕಲ್ಲೆತ್ತಿದ.

"ನಮ್ಮಮ್ಮಗ ರಂಡಿ ಅಂತಿ ಏನು?"

ಕಲ್ಲು ನಾಗಮ್ಮನ ಹುಬ್ಬಿಗೆ ಬಿತ್ತು. ಓಡಿಹೋಗಿ ಸೆರಗು ಒತ್ತಿ ಹಿಡಿದೆ. ನಾಗಮ್ಮ ಅವನನ್ನೇ ನೋಡುತ್ತಿದ್ದರು.

"ಆ ಮಾತು ನಿನಗ ಗೊತ್ತಿಲ್ಲೇನು ನಾಯನಾ? ನಿಮ್ಮಮ್ಮಗ ಹೇಳಿಕೊಟ್ಟಾಂವ ನೀನ ಅಲ್ಲೇನು?"

ಅವನಿಗೆ ಗೊತ್ತಿತ್ತು. ನನ್ನ ಎದೆ ಒಡೆದದ್ದು ಅದಕ್ಕೇ.

ಊರಿಗೇ ಬಂದುಬಿಡು ಎಂದು ನೀವು ಬರೆಯುತ್ತೀರಿ. ಬಂದರೆ ಇವನು ಅಲ್ಲಿ ಯಾರ ಹುಡುಗ? ನಾಗಮ್ಮ ಈಗ ಕೂಗುವುದಿಲ್ಲ. ಸಂಜೆ ಬಂದು ನಮ್ಮ ಹೊಸ್ತಿಲಾಚೆ ಸುಮ್ಮನೆ ನಿಲ್ಲುತ್ತಾರೆ. ನಾನೇ ಎದ್ದು "ರಂಡಿ" ಎನ್ನುತ್ತೇನೆ. ಒಳಕೋಣೆಯಲ್ಲಿ ಮಗ ಬಾಗಿಲು ಹಾಕಿಕೊಳ್ಳುತ್ತಾನೆ.