ಗೌರವ್ವನ ಎಡಗಾಲು

ಗೌರವ್ವನ ಕೈಬೆರಳುಗಳೆಲ್ಲ ಕಿರುಬೆರಳಿನ ಕಡೆಗೇ ವಾಲಿಕೊಂಡಿದ್ದವು. ಬೆಳಗ್ಗೆ ಮುಷ್ಟಿ ಕಟ್ಟಲೂ ಆಗುತ್ತಿರಲಿಲ್ಲ. ಚಹಾದ ಕಪ್ಪನ್ನು ಎರಡು ಅಂಗೈಗಳ ನಡುವೆ ಒತ್ತಿ ಹಿಡಿದು ಕುಡಿಯುತ್ತಿದ್ದರು. ಅಂಥ ಕೈಗಳಿಂದ ಹಳೇ ಹುಬ್ಬಳ್ಳಿಯ ನಮ್ಮ ಓಣಿಯವರ ಉಳುಕು ತೆಗೆಯುತ್ತಿದ್ದರು ಎಂದರೆ ಯಾರು ನಂಬಬೇಕು? ನಾನಂತೂ ನಂಬಿರಲಿಲ್ಲ, ನಾನು ಕಲಿಸುವ ಶಾಲೆಯ ಮೆಟ್ಟಿಲಲ್ಲಿ ಪಾದ ಹೊರಳಿಸಿಕೊಂಡು ಕುಂಟುತ್ತ ಅವರ ಬಳಿ ಬರುವ ತನಕ.

ಬೆಳ್ಳುಳ್ಳಿ ಹಾಕಿ ಕಾಯಿಸಿದ ಕುಸುಬಿ ಎಣ್ಣೆ ಹಚ್ಚಿ, ಅಂಗೈಯ ಬುಡದಿಂದ ನೀವತೊಡಗಿದರು. ನಾನು ಚೀರಿದೆ. "ಒದರಬ್ಯಾಡ್ರಿ ಅಕ್ಕೋರ. ನೀವು ಸಾಲ್ಯಾಗ ಹುಡುಗರಿಗೆ ಒದರೂದಽ ಇಲ್ಲಿತನಾ ಕೇಳಸ್ತೈತಿ" ಅಂದರು. ನನಗೆ ನಗು ಬಂತು. ಅದೇ ಹೊತ್ತಿಗೆ ಪಾದವನ್ನು ಸಟ್ಟನೆ ತಿರುಗಿಸಿಬಿಟ್ಟರು, ಉಳುಕು ಬಿಟ್ಟಿತು. ಇದಕ್ಕೆಲ್ಲ ಏನಾದರೂ ಕೊಡಹೋದರೆ ಸಿಟ್ಟು. ಮಂದಿ ಬಂದು ಕಟ್ಟೆಯ ಮೇಲೆ ಕೂತು ಹರಟಬೇಕು, ಅವರಿಗೆ ಬೇಕಾದದ್ದು ಅಷ್ಟೇ.

ಸಂಧಿವಾತ ಅವರಿಗೆ ಚಿಕ್ಕ ವಯಸ್ಸಿನಲ್ಲೇ ಅಂಟಿಕೊಂಡಿತ್ತು. "ನನ್ನ ನೋವೆಲ್ಲಾ ಬೀಗರಿದ್ದಂಗ ಬಿಡ್ರಿ. ಮುಂಜಾನೆ ಬರ್ತಾವ, ಹೊತ್ತೇರಿದ ಮ್ಯಾಲೆ ಹೋಗ್ತಾವ. ಒಂದೊಂದರ ಮಾರಿನೂ ನನಗ ಗೊತ್ತೈತಿ" ಅನ್ನುತ್ತಿದ್ದರು. ಈ ಧೈರ್ಯವೇ ಅವರಿಗೆ ಮುಳುವಾಯಿತು. ಒಂದು ಸಲ ಕೀಲುನೋವು ಕೆರಳಿ ಕೆಲವು ವಾರ ಹಾಸಿಗೆ ಹಿಡಿದಿದ್ದಾಗ ಎಡಗಾಲಿನ ಮೀನಖಂಡ ಬಾತು ಬಿಸಿಯಾಯಿತು. ಮೊಣಕಾಲಿನ ಬಾವು ಕೆಳಗಿಳಿದಿದೆ ಎಂದು ತಾವೇ ತೀರ್ಮಾನಿಸಿ, ದಿನವೂ ತಾವೇ ತಿಕ್ಕಿಕೊಂಡರು. ಡಾಕ್ಟರಿಗೆ ತೋರಿಸೋಣ ಎಂದು ನಾನು ಗೋಗರೆದೆ. "ಓಣಿ ಮಂದಿ ಕಾಲೆಲ್ಲಾ ತಿಕ್ಕಿದಾಕಿ ನಾನು. ನನ್ನ ಕಾಲು ಇನ್ನೊಬ್ಬರಿಗೆ ತೋರಸ್ಲೇನ?"

ಒಂದು ಮಧ್ಯಾಹ್ನ ಬಟ್ಟೆ ಒಣಹಾಕುತ್ತಿದ್ದವರು ಉಸಿರು ಸಿಗದೆ ಕುಸಿದು ಕೂತರು. ಆಟೋದಲ್ಲಿ ವಿದ್ಯಾನಗರದ ಆಸ್ಪತ್ರೆಗೆ ಒಯ್ದೆವು. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ, ಅದರ ಚೂರು ಶ್ವಾಸಕೋಶಕ್ಕೆ ಹೋಗಿ ಕೂತಿತ್ತು. ಜೀವ ಉಳಿಯಿತು, ನಮ್ಮ ಪುಣ್ಯ. ಇಂಥ ಹಳೆಯ ಉರಿಯೂತದ ಕಾಯಿಲೆ ಇದ್ದವರಿಗೆ ರಕ್ತ ಹೆಪ್ಪುಗಟ್ಟುವ ಭಯ ಉಳಿದವರಿಗಿಂತ ಹೆಚ್ಚು, ಹಾಸಿಗೆ ಹಿಡಿದಾಗ ಇನ್ನೂ ಹೆಚ್ಚು ಎಂದು ಡಾಕ್ಟರು ತಿಳಿಸಿ ಹೇಳಿದರು. ಒಂದೇ ಕಾಲು ಬಾತರೆ ತಿಕ್ಕಲೇಬಾರದು, ತಿಕ್ಕಿದರೆ ಹೆಪ್ಪು ಕಿತ್ತುಕೊಂಡು ಮೇಲೆ ಹೋಗಬಹುದು ಎಂದರು. ಗೌರವ್ವ ನನ್ನ ಸೆರಗು ಹಿಡಿದರು. "ಹಂಗಾರ ನಾ ಎಷ್ಟು ಮಂದಿ ಕಾಲು ತಿಕ್ಕೇನಿ, ಅಕ್ಕೋರ?" ಆ ಮುಖ ನೋಡಿ ನನಗೆ ಅಳು ಬಂತು.

ಮನೆಗೆ ಬಂದ ಮೇಲೆ ರಕ್ತ ತೆಳುವಾಗಿಸುವ ಗುಳಿಗೆ ಶುರುವಾಯಿತು. ಸ್ವಲ್ಪ ದಿನಕ್ಕೆ ಎದುರುಮನೆಯ ಗೆಳತಿ ಬೀಬಿಜಾನ್ ಬಾತ ಬಲಗಾಲು ಎಳೆಯುತ್ತ ಬಂದರು. ಅವರಿಗೂ ಇದೇ ಸಂಧಿವಾತ. ಗೌರವ್ವ ಎರಡೂ ಕಾಲುಗಳನ್ನು ಮೆಲ್ಲಗೆ ಮುಟ್ಟಿ ನೋಡಿ, ಕೈ ಹಿಂದೆಳೆದುಕೊಂಡರು.

"ನಾ ತಿಕ್ಕಂಗಿಲ್ಲ. ದವಾಖಾನಿಗೆ ನಡಿ."

"ಇಷ್ಟ ವರ್ಷ ತಿಕ್ಕಿದಿ. ಈಗ ನನ್ನ ಕಾಲು ನಿನಗ ಬ್ಯಾಡಾತೇನ?" ಬೀಬಿಜಾನ್ ಕಣ್ಣಲ್ಲಿ ನೀರು.

"ಬೈತೀ ಬೈ. ಆಟೋದಾಗ ಕೂತು ಬೈ. ಲಗೂ ನಡಿ."

ತಾವೇ ಕುಂಟುತ್ತ ಜೊತೆಗೆ ಹೋದರು. ಆ ಕಾಲಲ್ಲೂ ಹೆಪ್ಪೇ ಇತ್ತು. ಬೇಗ ಹೋದದ್ದರಿಂದ ಬೀಬಿಜಾನ್ ಪಾರಾದರು. ಆದರೆ ಹೀಗೆ ಇನ್ನೂ ಕೆಲವರನ್ನು ವಾಪಸ್ಸು ಕಳಿಸಿದ್ದಕ್ಕೆ ಗೌರವ್ವನಿಗೆ ಸೊಕ್ಕು ಬಂದಿದೆ ಅಂತ ಓಣಿ ಆಡಿಕೊಂಡಿತು. ಕಟ್ಟೆ ಖಾಲಿಯಾಯಿತು. "ಬ್ಯಾಸರ ಆಗೂದಽ ರಿ, ಯಾಕ ಸುಳ್ಳು ಹೇಳ್ಲಿ?" ಅನ್ನುತ್ತಿದ್ದರು. ಬೀಬಿಜಾನ್ ಮಾತ್ರ ದಿನಾ ಬಂದು ಕೂಡುತ್ತಿದ್ದರು. ಗೌರವ್ವನ ಆ ಎಡಗಾಲು ಕೊನೆಯವರೆಗೂ ಭಾರವಾಗಿ ಜಗ್ಗುತ್ತಲೇ ಇತ್ತು. ಬೀಬಿಜಾನ್ ಕೈ ಚಾಚಿದರೆ ಸಾಕು, "ಏ, ಡಾಕ್ಟರ್ ಬೈತಾರ" ಎಂದು ಕಾಲು ಎಳೆದುಕೊಳ್ಳುತ್ತಿದ್ದರು.

ಹೋದ ಚಳಿಗಾಲದಲ್ಲಿ ಗೌರವ್ವ ನ್ಯುಮೋನಿಯಾದಿಂದ ತೀರಿಕೊಂಡರು. ಅವರ ಮನೆತನದ ರೂಢಿಯಂತೆ ದೇಹಕ್ಕೆ ವಿಭೂತಿ ಹಚ್ಚಿ ಕೂಡಿಸುವ ಮೊದಲು ಇನ್ನೂ ಚಾಪೆಯ ಮೇಲೆ ಮಲಗಿಸಿದ್ದರು. ಬೀಬಿಜಾನ್ ಬಂದು ಕಾಲ ಬಳಿ ಕೂತರು. ಎಡಗಾಲಿನ ಮೇಲೆ ಕೈ ಇಟ್ಟು, ನನ್ನ ಕಡೆ ತಿರುಗಿದರು.

"ಅಕ್ಕೋರ, ಈಗ ತಿಕ್ಕಿದ್ರ ನಡೀತೈತೇನ್ರಿ?"