ನೋಲಾ ಟ್ರೆಡ್ವೇಗೆ ಊರು ಮಾಡಿದ ಸನ್ಮಾನ

ಪೈನ್ ಫೋರ್ಡಿನಲ್ಲಿ ನೋಲಾ ಟ್ರೆಡ್ವೇಯ ಸಿಟ್ಟು ಹೆಸರುವಾಸಿ. ಕೋಳಿ ಕಂಪನಿಯ ಮೇಲ್ವಿಚಾರಕರು ಅವಳ ಗೇಟಿನಲ್ಲೇ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದರು. ಗಂಡ ವೆಂಡೆಲ್ ಬದುಕಿದ್ದಾಗ, "ನನ್ನ ಹೆಂಡ್ತಿ ನಕ್ಕ ದಿನ ಊರಿಗೆಲ್ಲ ರಜಾ ಕೊಡ್ಬೇಕು ಕಣ್ರೋ" ಎಂದು ಗೆಳೆಯರ ಮುಂದೆ ಹೇಳಿ ನಗುತ್ತಿದ್ದ. ಅವನು ಎದೆನೋವಿನಿಂದ ತೀರಿಕೊಂಡ ಮೇಲೆ ನಾಲ್ಕು ಉದ್ದನೆಯ ಕೋಳಿ ಶೆಡ್ಡುಗಳನ್ನು ಅವಳೊಬ್ಬಳೇ ನಡೆಸಿದಳು. ಆರ್ಕನ್ಸಾ ರಾಜ್ಯದ ಆ ಗುಡ್ಡಗಳಲ್ಲಿ ಮಣ್ಣಿನ ರಸ್ತೆ ಮುಗಿದ ಮೇಲೂ ಒಂದಿಷ್ಟು ದೂರ ಹೋದರೆ ಅವಳ ಮನೆ. ಫೋನ್ ಮಾಡಿದರೆ ಶೆರಿಫನ ಪೊಲೀಸ್ ಗಾಡಿ ಬರಲು ಮುಕ್ಕಾಲು ಗಂಟೆ, ಅದೂ ಹೊಳೆ ತುಂಬಿರದಿದ್ದರೆ.

ಆ ಕಡೆಯವರಿಗೆ ಬಂದೂಕು ಹೊಸದಲ್ಲ. ಜಿಂಕೆ ಬೇಟೆಯ ಕಾಲ ಬಂದರೆ ಶಾಲೆಗೇ ರಜೆ ಕೊಡುವ ಊರು ಅದು. ನೋಲಾಳಿಗೆ ಕಲಿಸಿದವನು ಅವಳಪ್ಪ. "ಬಂದೂಕು ಅಂದ್ರೆ ಹಾಯೋ ಹೋರಿ ಇದ್ದ ಹಾಗೆ ಮಗಳೇ. ಹಗ್ಗ ನಿನ್ನ ಕೈಲಿರೋ ತನಕ ನಿಂದು. ಬಿಟ್ರೆ ಅದು ಯಾರದೂ ಅಲ್ಲ, ಯಾರನ್ನ ಬೇಕಾದ್ರೂ ತಿವಿಯುತ್ತೆ" ಎಂದಿದ್ದ. ಅಪ್ಪನ ಎರಡು ಉದ್ದ ಕೋವಿಗಳು ಅವಳ ಕಬ್ಬಿಣದ ಬೀರುವಿನಲ್ಲಿದ್ದವು. ರಿವಾಲ್ವರ್ ಮಾತ್ರ ಮಂಚದ ಪಕ್ಕದಲ್ಲಿ, ನೆಲಕ್ಕೆ ಬೋಲ್ಟು ಹಾಕಿ ಕೂರಿಸಿದ ಪುಟ್ಟ ಉಕ್ಕಿನ ಪೆಟ್ಟಿಗೆಯಲ್ಲಿ. ಗುಂಡಿಗಳನ್ನು ಸರಿಯಾದ ಕ್ರಮದಲ್ಲಿ ಒತ್ತಿದರೆ ಕತ್ತಲಲ್ಲೂ ಮುಚ್ಚಳ ತೆರೆಯುತ್ತಿತ್ತು.

ಒಂಟಿ ಮನೆಗಳ ಹೆಂಗಸರು ಅವಳ ಹತ್ತಿರ ಗುರಿ ಕಲಿಯಲು ಬರುತ್ತಿದ್ದರು. ಹಿತ್ತಲ ಕಣಿವೆಯ ಮಣ್ಣಿನ ದಿಬ್ಬಕ್ಕೆ ಡಬ್ಬಿ ಜೋಡಿಸಿ ಹೇಳಿಕೊಡುತ್ತಿದ್ದಳು. ಆದರೆ ಮೊದಲ ದಿನ ಯಾರಿಗೂ ಒಂದು ಗುಂಡೂ ಇಲ್ಲ. ಪೆಟ್ಟಿಗೆ ತೆಗೆ, ಬಂದೂಕು ಖಾಲಿ ಮಾಡು, ತೋರಿಸು, ಒಳಗಿಟ್ಟು ಮುಚ್ಚು. ಮತ್ತೆ ತೆಗೆ. ಒಬ್ಬಳು ಲಿಪ್‌ಸ್ಟಿಕ್ಕು, ಬಿಸ್ಕತ್ತಿನ ಪುಡಿಗಳ ನಡುವೆ ಗುಂಡು ತುಂಬಿದ ಪಿಸ್ತೂಲನ್ನು ಕೈಚೀಲದಲ್ಲಿ ಹಾಕಿಕೊಂಡು ಬಂದಾಗ, "ಬಾಚಣಿಗೆ ಅಂದ್ಕೊಂಡಿದೀಯೇನೇ? ನಡಿ ಮನೆಗೆ" ಎಂದು ಬೈದು ವಾಪಸು ಕಳಿಸಿದ್ದಳು.

ಊರಿನಲ್ಲಿ ಬಂದೂಕಿನ ಮಾತು ಬಂದರೆ ಎಲ್ಲರಿಗಿಂತ ದೊಡ್ಡ ಗಂಟಲು ರಾಯ್ಸ್ ಗ್ಯಾಡಿಯದು. ದನಕರುಗಳ ಮೇವು, ಕೋಳಿ ಕಾಳು ಮಾರುವ ಅಂಗಡಿ ಅವನದು. ಅವನ ಪಿಕಪ್ಪಿನ ಹಿಂದುಗಡೆ 'ಈ ಗಾಡಿಗೆ ದೇವರೂ ಪಿಸ್ತೂಲೂ ಕಾವಲು' ಎಂಬ ಚೀಟಿ ಅಂಟಿತ್ತು. ನೋಲಾ ಅದನ್ನು ನೋಡಿ, "ಒಳಗೆ ಪಿಸ್ತೂಲಿದೆ ಬನ್ನಿ ಅಂತ ಕಳ್ಳರಿಗೆ ಬೋರ್ಡ್ ಬರೆದು ಹಾಕಿದ್ಯಲ್ಲೋ ರಾಯ್ಸ್" ಎಂದಿದ್ದಳು. ಅವನು ಹೊಟ್ಟೆ ಕುಣಿಸಿ ನಕ್ಕು, ಆ ಕಡೆ ಹಿರಿಯ ಹೆಂಗಸರಿಗೆಲ್ಲ ಗೌರವಕ್ಕೆ ಹಾಕುವ 'ಮಿಸ್' ಸೇರಿಸಿಯೇ ಹೇಳಿದ್ದ: "ನನ್ನ ಗಾಡಿ ಮುಟ್ಟೋ ಗಂಡಸು ಇನ್ನೂ ಹುಟ್ಟಿಲ್ಲ, ಮಿಸ್ ನೋಲಾ."

ಆ ಬೇಸಿಗೆಯ ಒಂದು ಭಾನುವಾರ ನೋಲಾ ಚರ್ಚಿಗೆ ಹೋಗಲಿಲ್ಲ. ಎರಡನೇ ಶೆಡ್ಡಿನ ಫ್ಯಾನು ನಿಂತುಹೋಗಿತ್ತು; ಆ ಬಿಸಿಲಿನಲ್ಲಿ ಗಾಳಿ ನಿಂತರೆ ಕೋಳಿಗಳು ರಾಶಿರಾಶಿಯಾಗಿ ಸಾಯುತ್ತವೆ. ಪಿಕಪ್ಪನ್ನು ಶೆಡ್ಡಿನ ಹಿಂದೆ ನಿಲ್ಲಿಸಿ, ಬೆಲ್ಟು ಬದಲಿಸಿ, ಮಧ್ಯಾಹ್ನದ ಹೊತ್ತಿಗೆ ನಡೆದುಕೊಂಡೇ ಮನೆಗೆ ಬಂದು ಬಟ್ಟೆ ಬದಲಿಸುತ್ತಿದ್ದಳು. ಹೊರಗಿನಿಂದ ನೋಡಿದವರಿಗೆ ಮನೆ ಖಾಲಿ. ಅಡುಗೆಮನೆಯ ಬಾಗಿಲ ಗಾಜು ಒಡೆದ ಸದ್ದಾಯಿತು.

ಅವಳ ಬೆರಳುಗಳು ತಾವಾಗಿಯೇ ಪೆಟ್ಟಿಗೆ ತೆರೆದವು. ಮಂಚದ ಆಚೆ ಬದಿಗೆ ಮಂಡಿಯೂರಿ ಕುಳಿತು, ಫೋನಿನಲ್ಲಿ ಪೊಲೀಸರಿಗೆ ಮನೆಯ ಗುರುತು ಹೇಳಿದಳು. ಆಮೇಲೆ ಕೂಗಿದಳು.

"ಯಾರೇ ಆಗಿರು, ನನ್ನ ಕೈಲಿ ರಿವಾಲ್ವರ್ ಇದೆ! ಬೇಕಾದ್ದು ತಗೊಂಡು ಹೊರಟುಹೋಗು. ನಾನು ಹಿಂದೆ ಬರಲ್ಲ!"

ಹೆಜ್ಜೆ ಸದ್ದು ಒಂದು ಕ್ಷಣ ನಿಂತಿತು. ಆಮೇಲೆ ಇತ್ತಕಡೆಗೇ ಬಂತು. ಮಲಗುವ ಕೋಣೆಯ ಬಾಗಿಲಲ್ಲಿ ನಿಂತವನನ್ನು ನೋಡಿದ ಕೂಡಲೇ ಗುರುತು ಹತ್ತಿತು. ಲಾನಿ ಪ್ರೂಯಿಟ್. ಹಿಂದೆ ಕೋಳಿ ಹಿಡಿದು ಲಾರಿಗೆ ತುಂಬುವ ತಂಡದಲ್ಲಿ ಬರುತ್ತಿದ್ದ, ಶಾಲೆಯಲ್ಲಿ ಅಡುಗೆ ಮಾಡುವ ಓಪಲಳ ಮಗ. ಮಾದಕ ವಸ್ತುವಿನ ಚಟ ಹತ್ತಿ ಹಲ್ಲು ಉದುರಿತ್ತು, ಮುಖ ಒಣಗಿತ್ತು. ಕೈಯಲ್ಲಿ ಪಿಸ್ತೂಲಿತ್ತು.

"ಲಾನಿ, ಅದನ್ನ ಕೆಳಗಿಡು ಮಗಾ. ನಾನು ಕಣೋ, ನೋಲಾ."

"ಫೋನ್ ಕೆಳಗಿಡು! ಯಾರಿಗೆ ಹೇಳ್ದೆ? ಯಾರಿಗೆ ಹೇಳ್ದೆ?"

"ಕೆಳಗಿಡು ಲಾನಿ!"

ಅವನು ಪಿಸ್ತೂಲನ್ನು ಅವಳತ್ತ ಎತ್ತಿದ. ಅವಳು ಒಂದೇ ಗುಂಡು ಹಾರಿಸಿದಳು.

ಬಿದ್ದವನ ಪಿಸ್ತೂಲನ್ನು ಕಾಲಿನಿಂದ ದೂರ ಒದ್ದು, ತನ್ನದನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಿ, ಟವೆಲಿನಿಂದ ಅವನ ಗಾಯ ಒತ್ತಿ ಹಿಡಿದಳು. ಅವನು ನೀರು ಕೇಳಿದ. ಒಂದು ಕೈಯಲ್ಲಿ ಗಾಯ ಬಿಡದೆ ಮೇಜಿನ ಮೇಲಿದ್ದ ಲೋಟ ಎಟುಕಿಸಿಕೊಂಡು ತುಟಿಗಿಟ್ಟಳು. ನೀರು ಗಂಟಲಿಗಿಳಿಯದೆ ಕೆನ್ನೆ ಮೇಲೆ ಹರಿಯಿತು. ಶೆರಿಫನ ಕಡೆಯ ಪೊಲೀಸ್ ಮಾರ್ಲನ್ ಟೀಗ್ ಬರುವಷ್ಟರಲ್ಲಿ ಅವನ ಪ್ರಾಣ ಹೋಗಿತ್ತು. ನೋಲಾ ಇನ್ನೂ ಟವೆಲನ್ನು ಒತ್ತಿಕೊಂಡೇ ಕುಳಿತಿದ್ದಳು. ಮಾರ್ಲನ್ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.

ಕಾನೂನು ಅವಳ ಪರವಾಗಿತ್ತು. ಸರ್ಕಾರಿ ವಕೀಲರು ಮೊಕದ್ದಮೆ ಇಲ್ಲ ಎಂದರು. ಊರವರು ಬೀನ್ಸು, ಹಂದಿಮಾಂಸ, ಪೀಚ್ ಹಣ್ಣಿನ ಕಡುಬುಗಳ ಪಾತ್ರೆಗಳನ್ನು ಅವಳ ಜಗಲಿಯಲ್ಲಿ ಸಾಲಾಗಿ ಇಟ್ಟುಹೋದರು. ಇಷ್ಟಾಗಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳೇನೋ. ಆದರೆ ಅಂಚೆ ಕಚೇರಿಯಲ್ಲಿ ಗಂಡಸರು ಬೆನ್ನು ತಟ್ಟತೊಡಗಿದರು. "ಒಂದೇ ಗುಂಡಂತೆ! ಭಲೆ ಮಿಸ್ ನೋಲಾ!" ಎಂದನೊಬ್ಬ. "ಜಿಂಕೆ ಹೊಡ್ದಿಲ್ಲ ಕಣೋ ನಾನು" ಎಂದು ಅವಳು ಹಲ್ಲು ಕಚ್ಚಿದಳು. ಅವನು ಅದನ್ನೂ ತಮಾಷೆ ಎಂದುಕೊಂಡು ನಕ್ಕ.

ರಾಯ್ಸ್ ಗ್ಯಾಡಿ ಒಂದು ಹೆಜ್ಜೆ ಮುಂದೆ ಹೋದ. ಅಗ್ನಿಶಾಮಕ ದಳದ ಸಭಾಂಗಣದಲ್ಲಿ ಶನಿವಾರ ಮಧ್ಯಾಹ್ನ ಅವಳಿಗೆ ಸನ್ಮಾನದ ಊಟ, ಹಿಡಿಯ ಮೇಲೆ ಹೆಸರು ಕೆತ್ತಿಸಿದ ಹೊಸ ಕೋವಿಯ ಉಡುಗೊರೆ ಎಂದು ಊರಿಗೆಲ್ಲ ಸಾರಿದ. ಅವಳು ಬೇಡವೆಂದರೂ ಕೇಳಲಿಲ್ಲ.

ನೋಲಾಳ ತಲೆಯಲ್ಲಿ ಕೊರೆಯುತ್ತಿದ್ದದ್ದು ಬೇರೆಯೇ. ಊಟಕ್ಕೂ ಗತಿಯಿಲ್ಲದ ಲಾನಿಯ ಕೈಗೆ ಅಂಥ ಬೆಲೆಬಾಳುವ ಪಿಸ್ತೂಲು ಎಲ್ಲಿಂದ ಬಂತು? ಮಾರ್ಲನ್ ಸಿಕ್ಕಾಗಲೆಲ್ಲ ಕೇಳಿದಳು. ಅವನು ಪ್ರತಿ ಸಲ ಮಾತು ತೇಲಿಸಿದ. ಶನಿವಾರ ಬೆಳಿಗ್ಗೆ ತಾನಾಗಿಯೇ ಅವಳ ಜಗಲಿಗೆ ಬಂದು ಟೋಪಿ ತಿರುಗಿಸುತ್ತ ನಿಂತ.

"ನಾನು ಹೇಳ್ಬಾರ್ದು, ಮಿಸ್ ನೋಲಾ. ಆದ್ರೆ ನೀವು ಅವನ ಕೈಯಿಂದ ಉಡುಗೊರೆ ಇಸ್ಕೊಳ್ಳೋದನ್ನ ನಾನು ನೋಡ್ಲಾರೆ. ಅದು ರಾಯ್ಸ್ ಪಿಸ್ತೂಲು. ಪೇಟೆಯಲ್ಲಿ ಗಾಡಿ ನಿಲ್ಸಿ, ಬಾಗಿಲಿಗೆ ಬೀಗ ಹಾಕ್ದೆ ಹೋಗಿದ್ದ. ಸೀಟಿನ ಮೇಲೇ ಇತ್ತಂತೆ."

"ಕಳುವಾದಾಗ ನಿಮಗೆ ಹೇಳಿದ್ನಾ?"

"ಇಲ್ಲ. ಹೋಗಿದ್ದೇ ಅವನಿಗೆ ಗೊತ್ತಿರ್ಲಿಲ್ಲ. ಪಿಸ್ತೂಲಿನ ಮೇಲಿನ ನಂಬರು ಹಿಡ್ದು ನಾವು ಹೋಗಿ ಕೇಳ್ದಾಗ ಗಾಡೀಲಿ ಹುಡುಕ್ದ."

"ಅದಕ್ಕೇನು ಶಿಕ್ಷೆ?"

"ನಮ್ಮ ರಾಜ್ಯದಲ್ಲಿ ಅದು ತಪ್ಪೇ ಅಲ್ಲ."

ಸಭಾಂಗಣ ತುಂಬಿತ್ತು. ಮೀನು ಕರಿದ ಘಮ, ಜೋಳದ ಹಿಟ್ಟಿನ ಬೋಂಡಾ, ಎಲೆಕೋಸಿನ ಪಚಡಿ. ರಾಯ್ಸ್ ಮೈಕು ಹಿಡಿದು, ಕೋವಿಯನ್ನು ತಲೆಯ ಮೇಲೆತ್ತಿ, "ಒಳ್ಳೇವ್ರ ಕೈಲಿ ಬಂದೂಕಿದ್ರೆ ಏನಾಗುತ್ತೆ ಅಂತ ನಮ್ಮ ಮಿಸ್ ನೋಲಾ ತೋರಿಸಿಕೊಟ್ರು!" ಎಂದ. ಚಪ್ಪಾಳೆ ಬಿತ್ತು. ನೋಲಾ ಎದ್ದುಹೋಗಿ ಅವನ ಕೈಯಿಂದ ಕೋವಿ ತೆಗೆದುಕೊಂಡಳು. ಮೊದಲು ಅದನ್ನು ತೆರೆದು ಖಾಲಿ ಇದೆಯೇ ಎಂದು ನೋಡಿದಳು. ಆಮೇಲೆ ಮೇಜಿನ ಮೇಲೆ, ನಳಿಗೆ ಗೋಡೆಯ ಕಡೆ ಬರುವ ಹಾಗೆ ಇಟ್ಟಳು.

"ರಾಯ್ಸ್, ನಿನ್ನ ಪಿಸ್ತೂಲು ಎಲ್ಲಿದೆ?"

ಅವನ ಮುಖ ಸುಟ್ಟ ಬದನೆಕಾಯಿಯಾಯಿತು. "ಈಗ್ಯಾಕೆ ಆ ಮಾತು..."

"ನಾನೇ ಹೇಳ್ತೀನಿ ತಗೋ. ಪೊಲೀಸ್ ಕಪಾಟಲ್ಲಿದೆ. ಅದಕ್ಕೆ ಮೊದ್ಲು ನನ್ನ ಎದೆಗೆ ಗುರಿ ಇಟ್ಕೊಂಡಿತ್ತು. ನೀನು ಸೀಟಿನ ಮೇಲೆ ಮಲಗ್ಸಿ ಬಂದಿದ್ಯಲ್ಲ, ಅದೇ!"

ರಾಯ್ಸ್ ಸಾವರಿಸಿಕೊಂಡ. "ಕದ್ದೋನು ಕಳ್ಳ, ಮಿಸ್ ನೋಲಾ. ನಾನಲ್ಲ. ನಂದೇ ಮಾಲು ಹೋಗಿದೆ, ನಂದೇ ತಪ್ಪಾ?"

"ಕಳ್ಳ ಸತ್ತ. ಅವನ ಲೆಕ್ಕ ಮುಗೀತು. ನಿನ್ನ ಲೆಕ್ಕ ಯಾರು ಕೇಳ್ತಾರೆ? ಆ ಹುಡುಗನ ಕೈಲಿ ನಿನ್ನ ಪಿಸ್ತೂಲು ಇಲ್ದಿದ್ರೆ, ನಾನು ಕೂಗಿದ ಕೂಡ್ಲೇ ಬಾಲ ಮುದುರ್ಕೊಂಡು ಓಡ್ತಿದ್ದ! ಇವತ್ತು ಜೈಲಲ್ಲಿ ಕೂತಿರ್ತಿದ್ದ, ಬದುಕಿರ್ತಿದ್ದ! ಅವನಿಗೆ ಧೈರ್ಯ ಕೊಟ್ಟೋನು ನೀನು. ಕೊಂದೋಳು ನಾನು. ಈಗ ಇಬ್ಬರೂ ಸೇರಿ ಮೀನು ತಿನ್ನೋಣ ಅಂತೀಯಾ?"

ಯಾರೋ ಹಿಂದಿನಿಂದ, "ಏನು, ಬಂದೂಕೇ ಬೇಡ ಅಂತೀರಾ ಈಗ?" ಎಂದರು.

"ಯಾವೋನೋ ಅದು? ಬಾ ಮುಂದೆ!" ನೋಲಾ ತಿರುಗಿದಳು. "ನನ್ನ ರಿವಾಲ್ವರ್ ಇಲ್ದಿದ್ರೆ ಇವತ್ತು ನೀವು ನನ್ನ ತಿಥಿ ಊಟ ಮಾಡ್ತಿದ್ರಿ. ನಾಳೆ ಯಾರಾದ್ರೂ ಬಾಗಿಲು ಒಡೆದು ಬಂದ್ರೆ ನಾಳೇನೂ ಅದನ್ನೇ ಮಾಡ್ತೀನಿ. ನಾನು ಹೇಳ್ತಿರೋದು ಅದಲ್ಲ. ಇಟ್ಕೊಳ್ಳೋ ಯೋಗ್ಯತೆ ಇಲ್ದಿದ್ರೆ ಇಟ್ಕೋಬೇಡಿ! ಹಗ್ಗ ಬಿಟ್ಟು ಹೋರಿ ಸಾಕೋರು ನೀವು!"

ಕೋವಿಯನ್ನು ಅಲ್ಲೇ ಬಿಟ್ಟು ಹೊರಟುಹೋದಳು. ಊರು ಎರಡು ಪಾಲಾಯಿತು. ದುಃಖದಲ್ಲಿ ಅವಳ ತಲೆ ಕೆಟ್ಟಿದೆ ಎಂದವರೇ ಹೆಚ್ಚು. ಜಗಲಿಗೆ ಊಟದ ಪಾತ್ರೆಗಳು ಬರುವುದು ನಿಂತಿತು. ಅವಳು ಕೋಳಿ ಕಾಳಿಗೆ ಪಕ್ಕದ ಜಿಲ್ಲೆಯ ತನಕ ಹೋಗತೊಡಗಿದಳು.

ಕೆಲವು ವಾರಗಳ ಮೇಲೆ ಲಾನಿಯ ತಾಯಿ ಓಪಲ್ ಬಂದಳು. ಗೇಟಿನ ಆಚೆಯೇ ನಿಂತಳು, ಒಳಗೆ ಬರಲಿಲ್ಲ.

"ಕೊನೇಲಿ ಏನಂದ?" ಎಂದು ಕೇಳಿದಳು.

"ನೀರು ಕೇಳ್ದ. ಕೊಟ್ಟೆ. ಕುಡಿಯೋಕಾಗ್ಲಿಲ್ಲ."

ಓಪಲ್ ಗೇಟಿನ ಸರಳು ಹಿಡಿದುಕೊಂಡಳು. "ನಿನ್ನ ಕ್ಷಮಿಸೋಕೆ ನನ್ನ ಕೈಲಾಗಲ್ಲ" ಎಂದಳು.

"ನಾನೂ ಕೇಳಲ್ಲ."

"ರಾಯ್ಸ್ ಹತ್ರಾನೂ ಹೋಗಿದ್ದೆ. ಎಲ್ಲ ದೇವರಿಚ್ಛೆ ಅಂದ. ಪಿಸ್ತೂಲು ಯಾವಾಗ ವಾಪಸ್ ಕೊಡ್ತೀರಿ ಅಂತ ಮಾರ್ಲನ್ನ ದಿನಾ ಪೀಡಿಸ್ತಿದಾನಂತೆ. ದುಬಾರಿ ಮಾಲಂತೆ ಅದು."

ನೋಲಾಳ ಕಿವಿಯಲ್ಲಿ ರಕ್ತ ಗುಂಯ್‌ಗುಟ್ಟಿತು.

ಮುಂದಿನ ಭಾನುವಾರ ಚರ್ಚಿನಲ್ಲಿ ಪ್ರಾರ್ಥನೆ ಶುರುವಾಗುವ ಮೊದಲು ಅವಳು ಹೊರಗೆ ಗಾಡಿಗಳ ಸಾಲಿನಲ್ಲಿ ಒಂದೊಂದೇ ಕಿಟಕಿಗೆ ಮುಖ ಒತ್ತಿ ನೋಡುತ್ತ ನಡೆದಳು. ಯಾವ ಬಾಗಿಲನ್ನೂ ಮುಟ್ಟಲಿಲ್ಲ. ಆಮೇಲೆ ಒಳಗೆ ಬಂದು, ಪಾದ್ರಿ ಬೈಬಲ್ ತೆರೆಯುತ್ತಿದ್ದ ಹಾಗೆ, ಹಿಂದಿನ ಬಾಗಿಲಲ್ಲಿ ನಿಂತು ಗಟ್ಟಿಯಾಗಿ ಹೇಳಿದಳು: "ಕ್ಲೈಡ್ ಹಾಸ್ಕಿನ್, ನಿನ್ನ ಪಿಸ್ತೂಲು ಸೀಟಿನ ಮೇಲೆ ನಿದ್ದೆ ಮಾಡ್ತಿದೆ. ಬರ್ನಿಸ್, ನಿಂದು ಬಾಗಿಲ ಸಂದೀಲಿದೆ, ಹಿಡಿ ಹೊರಗೆ ಕಾಣುತ್ತೆ." ಇಬ್ಬರೂ ತಲೆ ತಗ್ಗಿಸಿ ಎದ್ದುಹೋದರು. ಪಾದ್ರಿ ಆಮೇಲೆ ಅವಳನ್ನು ಪಕ್ಕಕ್ಕೆ ಕರೆದು, "ದೇವರ ಮನೇಲಿ ಹೀಗೆ ಮಾನ ಕಳೀಬಾರ್ದು, ಮಿಸ್ ನೋಲಾ" ಎಂದರು. "ಮಾನ ಇದ್ದೋರು ಬೀಗ ಹಾಕ್ಲಿ" ಎಂದಳು.

ಅವಳು ಬಿಡಲಿಲ್ಲ. ಚರ್ಚು, ಶಾಲೆಯ ಫುಟ್‌ಬಾಲ್ ಮೈದಾನ, ದಿನಸಿ ಅಂಗಡಿ. ಹುಚ್ಚಿ ಎಂದರು, ಊರ ಪೊಲೀಸ್ ಎಂದು ಅಣಕಿಸಿದರು. ಆದರೂ ಅವಳ ಪಿಕಪ್ ಕಂಡೊಡನೆ ಬೀಗಗಳು ಟಕ್ ಟಕ್ ಎನ್ನತೊಡಗಿದವು. ರಾಯ್ಸ್ ತನ್ನ ಅಂಗಡಿಯಲ್ಲಿ ಬೋಲ್ಟು ಹಾಕುವ ಉಕ್ಕಿನ ಪೆಟ್ಟಿಗೆಗಳನ್ನು ಜೋಡಿಸಿಟ್ಟು ಮಾರಲು ಕುಳಿತ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ, ಅದರಲ್ಲೂ ಲಾಭ! ಕೇಳಿ ನೋಲಾಳ ಮೈ ಉರಿದುಹೋಯಿತು. ಆದರೆ ಗುರಿ ಕಲಿಯಲು ಬಂದ ಹೆಂಗಸರು ಎಲ್ಲಿ ಕೊಳ್ಳಲಿ ಎಂದು ಕೇಳಿದಾಗ, ಉಗುಳು ನುಂಗಿ, "ಆ ದರಿದ್ರದೋನ ಹತ್ರಾನೇ ಸಿಗುತ್ತೆ. ಹೋಗಿ ತಗೊಳ್ಳಿ" ಎಂದಳು.

ಶರತ್ಕಾಲದ ಒಂದು ಸಂಜೆ ಶಾಲೆಯ ಮೈದಾನದಲ್ಲಿ ಆಟವಿತ್ತು. ನೋಲಾ ಗಾಡಿಗಳ ಸಾಲಿನಲ್ಲಿ ಬಗ್ಗಿ ನೋಡುತ್ತ ಬರುತ್ತಿದ್ದಾಗ ಆಚೆ ಸಾಲಿನಲ್ಲಿ ಇನ್ನೊಂದು ತಲೆ ಕಂಡಿತು. ಓಪಲ್, ಅಡುಗೆಮನೆಯ ಏಪ್ರನ್ನಿನಲ್ಲೇ ಬಂದು, ಹಣೆಗೆ ಕೈ ಅಡ್ಡ ಹಿಡಿದು ಒಂದು ಪಿಕಪ್ಪಿನ ಕಿಟಕಿಯೊಳಗೆ ಇಣುಕುತ್ತಿದ್ದಳು. ನೋಲಾ ನಿಂತಳು. ಓಪಲ್ ತಲೆಯೆತ್ತಿ ಅವಳನ್ನು ನೋಡಿದಳು, ಮುಖದಲ್ಲಿ ಸ್ನೇಹವೇನೂ ಇರಲಿಲ್ಲ. ಮತ್ತೆ ಮುಂದಿನ ಗಾಡಿಗೆ ಹೋದಳು. ಆ ಸಾಲನ್ನು ಅವಳಿಗೆ ಬಿಟ್ಟು ನೋಲಾ ತನ್ನ ಸಾಲಿನಲ್ಲಿ ಮುಂದುವರಿದಳು.