ಮೊದಲ ಹಂಪ್‌ನಲ್ಲಿ ಸಡಿಲಾದ ಹಗ್ಗ

ಅಣ್ಣನನ್ನು ಕೇಳಿ ತಂದ ಬೈಕು ಗುಬ್ಬಿಯಲ್ಲಿ ಕೆಟ್ಟಿತು. ಒಂದು ಗೀರೂ ಬೀಳದಂತೆ ಕುಣಿಗಲ್‌ನಲ್ಲಿರುವ ಅವನ ಮನೆಗೆ ಮುಟ್ಟಿಸಲೇಬೇಕೆಂದು ಹಠ ಹಿಡಿದೆ. ತೆಂಗಿನಕಾಯಿ ಸಾಗಿಸುವ ನಯಾಜಣ್ಣ ಅದನ್ನು ತಮ್ಮ ಟ್ರೇಲರಿಗೆ ಏರಿಸಿ, ಸೈಡ್ ಸ್ಟ್ಯಾಂಡ್ ಹಾಕಿ, ಕಟ್ಟಲು ಹಗ್ಗ ಕೈಗೆತ್ತಿಕೊಂಡರು.

“ಸ್ಟ್ಯಾಂಡ್ ಬೇಡ, ನೆಟ್ಟಗೆ ನಿಲ್ಲಿಸಿ ನಾಲ್ಕೂ ಕಡೆ ಕಟ್ಟೋಣ” ಎಂದೆ.

“ಹತ್ತು ವರ್ಷದಿಂದ ಹಿಂಗೇ ಕಟ್ತಿದೀನಿ ಕಣಪ್ಪ.”

“ಅದು ಅಭ್ಯಾಸ, ಪುರಾವೆ ಅಲ್ಲ.”

“ಸರಿ ಲಾಯರ್ ಸಾಹೇಬ್ರೆ, ನೀವೇ ಕಟ್ಟಿ.”

ಮುಂದಿನ ಶಾಕ್ ಅಬ್ಸಾರ್ಬರ್ ಅರ್ಧ ಕುಗ್ಗುವಷ್ಟು ಹಗ್ಗಗಳನ್ನು ಎಳೆದು ಕಟ್ಟಿದೆ. ಅವರು ತಳ್ಳಿ ನೋಡಿದರು, ಬೈಕು ಅಲ್ಲಾಡಲಿಲ್ಲ. ಗೆದ್ದೆನೆಂದುಕೊಂಡೆ.

ಊರಾಚೆ ಮೊದಲ ಹಂಪ್ ದಾಟಿದ ಕೂಡಲೇ ಅವರು ಗಾಡಿ ನಿಲ್ಲಿಸಿದರು. ಕಾಯಿ ಲೋಡಿದ್ದರೂ ಇಲ್ಲಿ ಇಳಿದು ನೋಡಿಯೇ ಮುಂದೆ ಹೋಗುತ್ತಾರಂತೆ. ಒಂದೊಂದೇ ಹಗ್ಗವನ್ನು ಬೆರಳಿನಿಂದ ಮೀಟಿದರು. ನಾನು ಕಟ್ಟಿದ ಎಡಗಡೆಯದು ಸಡಿಲವಾಗಿತ್ತು.

“ಹಿಂಗೆ ಇಳಿದು ನೋಡೋದೂ ಅಭ್ಯಾಸನೇ, ಸಾಹೇಬ್ರೆ” ಎಂದರು.

ನಾನು ಟ್ರೇಲರ್ ಹತ್ತಿ ಆ ಹಗ್ಗವನ್ನು ಮತ್ತೆ ಬಿಗಿದೆ.